ಹಳೆಯ ಟರ್ನ್‌ಟೇಬಲ್ ಗುಜರಿಗೆ ಹಾಕುವ ಮುನ್ನ

ಮಾನ್ಯರೇ,

ಗ್ರಾಮಫೋನ್ ರೆಕಾರ್ಡುಗಳಿಗೆ ಮತ್ತೆ ಬೇಡಿಕೆ ಬಂದಿರುವ ಕುರಿತು ತಮ್ಮ ಭಾನುವಾರದ ಪುರವಣಿಯಲ್ಲಿ ಪ್ರಕಟವಾದ ಲೇಖನವನ್ನು ಓದಿದೆ. ರೆಕಾರ್ಡುಗಳ ಸಂಗ್ರಹದ ಬಗ್ಗೆ ಅದರಲ್ಲಿ ಸಾಕಷ್ಟು ವಿವರಗಳಿದ್ದರೂ, ಅವನ್ನು ನುಡಿಸುವ ಯಂತ್ರದ ಬಗ್ಗೆ ಇದ್ದದ್ದು ಹಳೆಯವು ರಿಪೇರಿಗೆ ಬಾರವು, ಹೊಸದನ್ನು ಕೊಳ್ಳುವುದೇ ಲೇಸು ಎಂಬ ಒಂದು ಮಾತು ಮಾತ್ರ. ಬೆಲ್ಟಿಲ್ಲದೆ ಮೋಟಾರೇ ರೆಕಾರ್ಡನ್ನು ನೇರವಾಗಿ ತಿರುಗಿಸುವ ಡೈರೆಕ್ಟ್ ಡ್ರೈವ್ ಟರ್ನ್‌ಟೇಬಲ್‌ಗಳ ಮಟ್ಟಿಗೆ ಈ ಮಾತು ಸರಿಯಲ್ಲ. ದಾವಣಗೆರೆಯಲ್ಲಿ ಕೆಟ್ಟುಹೋಗಿದೆ ಎಂದು ಮೂಲೆ ಸೇರಿದ ಇಂಥ ಯಂತ್ರಗಳಲ್ಲಿ ನಾನು ಬಿಚ್ಚಿ ನೋಡಿದ ಹೆಚ್ಚಿನವುಗಳಲ್ಲಿ ಇದ್ದದ್ದು ಸಣ್ಣ ದೋಷ. ಇಲ್ಲದೇ ಇದ್ದದ್ದು ಅದನ್ನು ಗುರುತಿಸಬಲ್ಲ ಕೈ.

ನಮ್ಮೂರಿನ ಮೈಕ್‌ಸೆಟ್ ರಿಪೇರಿ ಮಾಡುವವರ ಕೈ ಪಳಗಿರುವುದು ರಬ್ಬರ್ ಚಕ್ರ ಅಥವಾ ಬೆಲ್ಟ್ ಇರುವ ಪ್ಲೇಯರ್‌ಗಳಲ್ಲಿ. ಹಾಗಾಗಿ ತಿರುಗದ ಯಂತ್ರ ಕಂಡ ಕೂಡಲೇ ಅವರು ಹುಡುಕುವುದು ಬೆಲ್ಟನ್ನು. ನಗರದ ಅಂಗಡಿಯೊಂದರಲ್ಲಿ ನನ್ನ ಯಂತ್ರವನ್ನು ತಿರುಗಿಸಿ ಮುರುಗಿಸಿ ನೋಡಿದವರು, "ಬೆಲ್ಟ್ ಹೋಗೇತ್ರಿ ಸರ್, ಬೆಂಗ್ಳೂರಿಂದ ತರಿಸ್ಬೇಕು" ಎಂದು ಚೀಟಿ ಬರೆದು, ಇಲ್ಲದ ಬೆಲ್ಟಿಗೆ ಮುಂಗಡವನ್ನೂ ಕೇಳಿದರು. ನಿಜವಾದ ದೋಷ ಕಿಲುಬು ಹಿಡಿದ ಸ್ಪೀಡ್ ಸ್ವಿಚ್ಚಿನಲ್ಲಿತ್ತು; ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ ಹತ್ತಾರು ಬಾರಿ ಒತ್ತಿದ ಮೇಲೆ ಅದು ಸರಿಹೋಯಿತು.

ಈ ಯಂತ್ರದ ರಚನೆಯೇ ಬೇರೆ. ವೇಗವಾಗಿ ತಿರುಗುವ ಸಣ್ಣ ಮೋಟಾರಿನ ವೇಗವನ್ನು ಬೆಲ್ಟಿನ ಮೂಲಕ ತಗ್ಗಿಸುವ ಬದಲು, ಮೋಟಾರನ್ನೇ ನಿಮಿಷಕ್ಕೆ 33⅓ ಸುತ್ತಿನಂತೆ ನಿಧಾನವಾಗಿ ತಿರುಗಿಸುವ ಉಪಾಯವನ್ನು ಜಪಾನಿನ ಮತ್ಸುಶಿತಾ ಕಂಪನಿಯ ಎಂಜಿನಿಯರ್ ಶೂಯಿಚಿ ಒಬಾತಾ ರೂಪಿಸಿದರು. ಆ ವೇಗದಲ್ಲಿ ಒಂದು ಸುತ್ತಿಗೆ ಸುಮಾರು 1.8 ಸೆಕೆಂಡ್ ಹಿಡಿಯುವುದರಿಂದ ಅದರ ಅದುರು ನಮ್ಮ ಕಿವಿಗೆ ಕೇಳುವ ಮಟ್ಟಕ್ಕಿಂತ ಎಷ್ಟೋ ಕೆಳಗಿರುತ್ತದೆ. ಅದೇ ಕಂಪನಿಯ ಟೆಕ್ನಿಕ್ಸ್ ಎಸ್‌ಪಿ-10ರಿಂದ ಆರಂಭವಾದ ಈ ಸಾಲಿನಲ್ಲಿ 1972ರಲ್ಲಿ ಎಸ್‌ಎಲ್-1200 ಬಂತು. ಅದರ ತಯಾರಿಕೆ 2010ರಲ್ಲಿ ನಿಂತು, ಗ್ರಾಹಕರ ಒತ್ತಾಯದ ಮೇಲೆ 2016ರಲ್ಲಿ ಹೊಸ ರೂಪದಲ್ಲಿ ಮರಳಿತು. ಬೇಸಿಗೆಯಲ್ಲಿ ರಬ್ಬರ್ ಬೆಲ್ಟುಗಳು ಸಡಿಲಗೊಳ್ಳುವ ನಮ್ಮಂಥ ಬಯಲುಸೀಮೆಯ ಊರಿಗೆ ಇದಕ್ಕಿಂತ ಒಪ್ಪುವ ಯಂತ್ರವಿಲ್ಲ ಎಂಬುದು ನನ್ನ ಅಭಿಪ್ರಾಯ. ಡಿಜೆಗಳ ಯಂತ್ರವೆಂದು ಮೂಗು ಮುರಿಯುವ ಸಂಗೀತಪ್ರಿಯರು ಒಮ್ಮೆ ಕೇಳಿ ನೋಡಲಿ.

ಯಂತ್ರ ಕೆಡುವುದಕ್ಕಿಂತ ನಾವೇ ಕೆಡಿಸುವುದು ಹೆಚ್ಚು. ಈಗ ಜಪಾನಿನಿಂದ ಬರುತ್ತಿರುವ ಸೆಕೆಂಡ್ ಹ್ಯಾಂಡ್ ಯಂತ್ರಗಳು ಅಲ್ಲಿನ 100 ವೋಲ್ಟಿಗೆ ಮಾಡಿದವು. ಅವನ್ನು ನೇರವಾಗಿ ನಮ್ಮ 230 ವೋಲ್ಟಿನ ಪ್ಲಗ್ಗಿಗೆ ಸಿಕ್ಕಿಸಿದರೆ ಒಳಗಿನ ಟ್ರಾನ್ಸ್‌ಫಾರ್ಮರ್ ಸುಡುತ್ತದೆ. ಅಮೆರಿಕದ ಉಪಕರಣಗಳಿಗೆಂದು ಮಾರುವ 110 ವೋಲ್ಟಿನ ಸ್ಟೆಪ್‌ಡೌನ್ (ವೋಲ್ಟ್ ತಗ್ಗಿಸುವ ಟ್ರಾನ್ಸ್‌ಫಾರ್ಮರ್) ಇದಕ್ಕೆ ಒಪ್ಪದು, 100 ವೋಲ್ಟಿನದ್ದನ್ನೇ ಕೇಳಿ ಪಡೆಯಬೇಕು. ಹಲವು ಹಳೆಯ ಬೆಲ್ಟ್ ಯಂತ್ರಗಳಂತೆ ಇವುಗಳ ವೇಗ ವಿದ್ಯುತ್ತಿನ ಆವರ್ತನವನ್ನು (50 ಅಥವಾ 60 ಹರ್ಟ್ಸ್) ಅವಲಂಬಿಸಿಲ್ಲವಾದ್ದರಿಂದ ಆ ಚಿಂತೆ ಬೇಡ. ಎಸ್‌ಎಲ್-1200 ಎಂಕೆ2ರಂಥ ಮಾದರಿಗಳಲ್ಲಿ ಪ್ಲ್ಯಾಟರಿನ, ಅಂದರೆ ರೆಕಾರ್ಡ್ ಕೂರುವ ತಟ್ಟೆಯ, ಅಂಚಿನಲ್ಲಿರುವ ಚುಕ್ಕೆಗಳ ಮೇಲೆ ಕೆಂಪು ಬೆಳಕು ಬಿದ್ದಾಗ ದೊಡ್ಡ ಚುಕ್ಕೆಗಳ ಸಾಲು ನಿಂತಂತೆ ಕಂಡರೆ ವೇಗ ಸರಿಯಿದೆ ಎಂದರ್ಥ. ಆದರೆ ವೇಗವನ್ನು ಕರಾರುವಾಕ್ಕಾಗಿ ಕಾಯುವ ಕ್ವಾರ್ಟ್ಜ್ ಹರಳು ಇಲ್ಲದ ಮೊದಲಿನ ಮಾದರಿಗಳಲ್ಲಿ ಆ ದೀಪ ಉರಿಯುವುದು ಮನೆಯ ಕರೆಂಟಿನ ತಾಳಕ್ಕೆ; ಗ್ರಿಡ್ಡಿನ ಆವರ್ತನ ತುಸು ಇಳಿದಾಗ ಯಂತ್ರ ಸರಿಯಿದ್ದರೂ ಚುಕ್ಕೆಗಳು ಜಾರುತ್ತವೆ. ಅದನ್ನು ಕಂಡು ಒಳಗಿನ ಸ್ಕ್ರೂ ತಿರುವಲು ಹೋಗಬಾರದು.

ಬೇರಿಂಗಿಗೆ ಬೇಕಾದದ್ದು ಸುಮಾರು 2000 ಗಂಟೆಗಳ ಬಳಕೆಗೊಮ್ಮೆ ಎರಡು ಮೂರು ಹನಿ ತೆಳು ಶುದ್ಧ ಎಣ್ಣೆ, ಅಷ್ಟೇ. ಕೊಬ್ಬರಿ ಎಣ್ಣೆ ಬಿಟ್ಟವರನ್ನೂ ನಾನು ಬಲ್ಲೆ. ಅದು ಚಳಿಗೆ ಗಟ್ಟಿಯಾಗಿ ಕೂರುತ್ತದೆ. ಎಸ್‌ಎಲ್-1200 ಎಂಕೆ2 ಮಾದರಿಯಲ್ಲಿ ಪ್ಲ್ಯಾಟರಿನ ಎರಡು ರಂಧ್ರಗಳಿಗೆ ಬೆರಳು ತೂರಿಸಿ ನೇರವಾಗಿ ಮೇಲೆತ್ತಿದರೆ ಅದರ ಅಡಿಯಲ್ಲಿ ಉಂಗುರದಂಥ ದೊಡ್ಡ ಅಯಸ್ಕಾಂತ ಕಾಣುತ್ತದೆ. ಮೋಟಾರಿನ ತಿರುಗುವ ಭಾಗವೇ ಅದು. ಹತ್ತಿರದಲ್ಲಿ ಸ್ಕ್ರೂ, ಕಬ್ಬಿಣದ ಪುಡಿ ಏನಿದ್ದರೂ ಎಳೆದುಕೊಳ್ಳುವುದರಿಂದ ಅದನ್ನು ಹಳೆಯ ಸೀರೆಯ ಬಟ್ಟೆಯ ಮೇಲೆ ಇಡುವುದು ವಾಸಿ. ಮಂಡಕ್ಕಿ ಭಟ್ಟಿಗಳ ಮಸಿ ಬಂದು ಕೂರುವ ನಮ್ಮ ಓಣಿಗಳಲ್ಲಿ ಮೇಲಿನ ಮುಚ್ಚಳವನ್ನು ತೆಗೆದಿಡುವುದಂತೂ ಸಲ್ಲದು.

ನಿಜವಾಗಿ ಮುಪ್ಪಾಗುವುದು ಸರ್ಕ್ಯೂಟಿನಲ್ಲಿ ವಿದ್ಯುತ್ತನ್ನು ಹಿಡಿದಿಡುವ ಕೆಪ್ಯಾಸಿಟರ್‌ಗಳು. ಅವು ಇಂದಿಗೂ ಯಾವ ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಾದರೂ ಅಗ್ಗಕ್ಕೆ ಸಿಗುತ್ತವೆ. ಮೋಟಾರನ್ನು ನಡೆಸುವ ಐಸಿಗಳ (ಚಿಪ್‌ಗಳ) ಕಥೆ ಹಾಗಲ್ಲ. ಹಳೆಯ ಮಾದರಿಗಳವು ತಯಾರಾಗುವುದೇ ನಿಂತಿರುವುದರಿಂದ ಇನ್ನೊಂದು ಕೆಟ್ಟ ಯಂತ್ರದಿಂದಲೇ ಕಿತ್ತು ಹಾಕಬೇಕು.

ಆದ್ದರಿಂದ ತಮ್ಮಲ್ಲಿ ಎರಡು ವಿನಂತಿ. ಹಳೆಯವು ರಿಪೇರಿಗೆ ಬಾರವು ಎಂಬ ಮಾತಿಗೆ ಪುರವಣಿಯಲ್ಲಿ ಒಂದು ತಿದ್ದುಪಡಿ ಹಾಕಬೇಕು. ಸರ್ಕ್ಯೂಟ್ ನಕ್ಷೆ ಓದಬಲ್ಲ ವಿದ್ಯಾರ್ಥಿಗಳಿರುವ ನಮ್ಮ ಜಿಲ್ಲೆಯ ಐಟಿಐ ಮತ್ತು ಪಾಲಿಟೆಕ್ನಿಕ್‌ಗಳ ಎಲೆಕ್ಟ್ರಾನಿಕ್ಸ್ ವಿಭಾಗದವರು ಇಂಥ ಒಂದು ಯಂತ್ರವನ್ನು ಪ್ರಯೋಗಾಲಯದ ಮೇಜಿನ ಮೇಲಿಟ್ಟು ಕಲಿಸುವಂತೆ ತಮ್ಮ ಅಂಕಣದ ಮೂಲಕ ಕೋರಬೇಕು. ಅಲ್ಲಿಯವರೆಗೆ ಮಾರಲೇಬೇಕೆನ್ನುವ ಓದುಗರು ದಯವಿಟ್ಟು ಪ್ಲ್ಯಾಟರನ್ನು ಬೇರೆ, ಪೆಟ್ಟಿಗೆಯನ್ನು ಬೇರೆ ಮಾಡಿ ತೂಕಕ್ಕೆ ಹಾಕದಿರಲಿ. ಅಲ್ಯೂಮಿನಿಯಂ ದರಕ್ಕೆ ಹೋಗುವ ಆ ಪ್ಲ್ಯಾಟರಿನ ಜೊತೆ, ಎಂಕೆ2ರಂಥ ಯಂತ್ರಗಳಲ್ಲಿ, ಮೋಟಾರಿನ ಅರ್ಧಭಾಗವೂ ಹೋಗಿಬಿಡುತ್ತದೆ.

– ತಮ್ಮ ಓದುಗ, ಪಿ.ಜೆ. ಬಡಾವಣೆ, ದಾವಣಗೆರೆ