ಕಂಡದ್ದು, ಕೇಳಿದ್ದು, ಫೋಟೋದಾಗಿನದು

ಕಲಬುರ್ಗಿ

ತಂಗಿ,

ಶರಣು. ನೀನು ಕಳಿಸಿದ ಬಾಲ್ಯದ ಬರಹವನ್ನು ಎರಡು ಸಲ ಓದಿದೆ. ಭಾಷೆಗೆ ಕೈ ಹಚ್ಚುವಂಥದ್ದೇನಿಲ್ಲ. ತೊಡಕಿರುವುದು ಬೇರೆ ಕಡೆ. ನೀನು ಕಣ್ಣಾರೆ ಕಂಡದ್ದೆಷ್ಟು, ಮನೆಯವರ ಬಾಯಿಂದ ಬಂದದ್ದೆಷ್ಟು ಎಂಬುದು ನಿನಗೇ ತಿಳಿಯದ ಹಾಗೆ ಕಲಸಿಹೋಗಿದೆ.

ಮೂರನೇ ಪುಟ ತೆಗೆ. ಪಕ್ಕದ ಮಹಾರಾಷ್ಟ್ರದ ಕಿಲ್ಲಾರಿ ಭೂಕಂಪದ ನಸುಕು, ಮಾಡದ ಮೇಲಿನ ಹಿತ್ತಾಳಿ ಪಾತ್ರೆ ಉರುಳಿದ್ದು, ಅವ್ವ ನಿನ್ನನ್ನು ಬಗಲಲ್ಲಿ ಎತ್ತಿಕೊಂಡು ಅಂಗಳಕ್ಕೆ ಓಡಿದ್ದು. ಓದಲು ಭಾರೀ ಚೆಂದ. ಆದರೆ ಆ ಭೂಕಂಪ ಆದದ್ದು 1993ರ ಸೆಪ್ಟೆಂಬರ್ 30ರ ನಸುಕಿನ ನಾಲ್ಕರ ಸುಮಾರಿಗೆ. ನೀನು ಹುಟ್ಟಿದ್ದು 2001ರಲ್ಲಿ. ಅವ್ವನ ಬಗಲಲ್ಲಿದ್ದ ಕೂಸು ನೀನಂತೂ ಅಲ್ಲ. ಬೇಕಂತಲೇ ಸುಳ್ಳು ಬರೆದೆ ಅನ್ನುತ್ತಿಲ್ಲ. ಆ ಗಡಿಗೆ ಹತ್ತಿದ ನಮ್ಮ ಆಳಂದ ಕಡೆಯ ಮನೆಗಳಲ್ಲಿ ಆ ಮಾತು ಎಷ್ಟು ಸಲ ಬಂದಿರುತ್ತದೆಂದರೆ, ಕೇಳಿ ಕೇಳಿ ನೀನೇ ಅದರೊಳಗೆ ಹೋಗಿ ಕೂತಿದ್ದಿ.

ಇದು ಎಲ್ಲರ ತಲೆಯಲ್ಲೂ ಆಗುವ ಸಂಗತಿ. 1995ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಅಮೆರಿಕದ ಮನಃಶಾಸ್ತ್ರಜ್ಞೆ ಎಲಿಜಬೆತ್ ಲಾಫ್ಟಸ್ ಅವರು, ಚಿಕ್ಕವರಿದ್ದಾಗ ಅಂಗಡಿಗಳ ಸಂದಣಿಯಲ್ಲಿ ತಪ್ಪಿಸಿಕೊಂಡಿದ್ದಿರಿ ಎಂಬ ಕಟ್ಟುಕಥೆಯನ್ನು ನಿಜವಾದ ಮೂರು ಘಟನೆಗಳ ಜೊತೆ ಸೇರಿಸಿ 24 ಜನಕ್ಕೆ ಕೊಟ್ಟರು. ಕಾಲುಭಾಗದಷ್ಟು ಮಂದಿ ಆಗದೇ ಇದ್ದದ್ದನ್ನೂ ಪೂರ್ತಿಯೋ ಅರೆಬರೆಯೋ ನೆನಪಿಸಿಕೊಂಡರು. ಇನ್ನೊಂದು ಲೆಕ್ಕ: ಹೆಚ್ಚಿನವರ ಮೊದಲ ನೆನಪು ಮೂರು, ಮೂರೂವರೆ ವರ್ಷದ ಸುಮಾರಿನದು. ತೊಟ್ಟಿಲ ಶಾಸ್ತ್ರದ ನೆನಪಿದೆ ಎಂದು ಯಾರಾದರೂ ಬರೆದರೆ ಅದು ಆಲ್ಬಮ್ಮಿನದೇ.

ಹೀಗೆ ಮಾಡು. ಕರಡನ್ನು ಮುಂದಿಟ್ಟುಕೊಂಡು ಮೂರು ಬಣ್ಣದ ಪೆನ್ನು ತಗೋ. ಕಂಡದ್ದರ ಕೆಳಗೆ ನೀಲಿ ಗೆರೆ, ಕೇಳಿದ್ದರ ಕೆಳಗೆ ಕೆಂಪು, ಫೋಟೋ ಅಥವಾ ಮದುವೆ ವಿಡಿಯೋದಲ್ಲಿ ನೋಡಿದ್ದರ ಕೆಳಗೆ ಹಸಿರು. ನೆನಪಿನಲ್ಲಿ ನಿನ್ನದೇ ಬೆನ್ನು, ನಿನ್ನದೇ ಎರಡು ಜಡೆ ಕಾಣುತ್ತಿದ್ದರೆ ಒಂದು ಪ್ರಶ್ನೆ ಚಿಹ್ನೆ ಹಾಕು. ಹಳೆಯ ನೆನಪುಗಳು ಹೊರಗಿನಿಂದ ಕಾಣುವುದು ಸಹಜ, ಹಾಗಾಗಿ ಸುಳ್ಳೆಂದು ಹೊಡೆದುಹಾಕಬೇಡ, ವಿಚಾರಿಸು. ಕೆಂಪು ಗೆರೆಯದನ್ನೂ ತೆಗೆಯಬೇಡ. "ಅವ್ವ ಹೇಳುತ್ತಾಳೆ" ಎಂಬ ಎರಡು ಪದ ಸೇರಿಸಿದರೆ ಸಾಕು. ಅದರಿಂದ ಭೂಕಂಪದ ಪುಟ ಸಪ್ಪಗಾಗುವುದಿಲ್ಲ. ಅವ್ವ ಅದನ್ನು ಹೇಳುವಾಗ ಪ್ರತಿಸಲ ಎಲ್ಲಿ ನಿಲ್ಲಿಸುತ್ತಾಳೆ, ಯಾವ ಪಾತ್ರೆಯ ಹೆಸರು ತೆಗೆಯುತ್ತಾಳೆ ಎಂಬುದನ್ನು ನೀನು ಕಂಡಿದ್ದಿ. ಅದು ನೀಲಿ.

ಇನ್ನು ತಾರೀಖು. ನಮ್ಮ ಭಾಗದ ಬಾಲ್ಯ ಬರೆಯುವವರಿಗೆ ಕೈಯಲ್ಲೇ ಒಂದು ಒಳ್ಳೆಯ ಅಳತೆಗೋಲಿದೆ, ಹಬ್ಬಗಳು. ಎಳ್ಳ ಅಮಾವಾಸ್ಯೆ ಯಾವತ್ತೂ ಡಿಸೆಂಬರ್-ಜನವರಿ ಬಿಟ್ಟು ಕದಲುವುದಿಲ್ಲ, ಏಕೆಂದರೆ ಅಧಿಕ ಮಾಸ ಅದನ್ನು ಎಳೆದು ಸರಿಮಾಡುತ್ತದೆ. ಮೊಹರಂಗೆ ಆ ಸೌಲಭ್ಯವಿಲ್ಲ. ವರ್ಷಕ್ಕೆ ಸುಮಾರು ಹನ್ನೊಂದು ದಿನ ಹಿಂದೆ ಸರಿಯುತ್ತ, ಮೂವತ್ಮೂರು ವರ್ಷದ ಹೊತ್ತಿಗೆ ಮತ್ತೆ ಅದೇ ಋತುವಿಗೆ ಬರುತ್ತದೆ. ನೀನು ಎರಡನೇ ಇಯತ್ತೆಯಲ್ಲಿದ್ದಾಗ ಚುರುಚುರು ಬಿಸಿಲಲ್ಲಿ, ಬರಿಗಾಲಲ್ಲಿ, ಮೊಹರಂನ ಬೆಂಕಿ ಕುಣಿಯ ಸುತ್ತ ಕುಣಿಯುವ ಅಲಾಯಿ ಕುಣಿತ ನೋಡಿದೆ ಎಂದು ಬರೆದಿದ್ದಿ. 2008ರಿಂದ 2011ರವರೆಗೆ ಮೊಹರಂ ಬಂದದ್ದು ಡಿಸೆಂಬರ್-ಜನವರಿಯಲ್ಲಿ. 2009ರಲ್ಲಂತೂ ಒಂದೇ ವರ್ಷಕ್ಕೆ ಎರಡು ಸಲ, ಜನವರಿಯಲ್ಲೊಮ್ಮೆ, ಡಿಸೆಂಬರ್ ಕೊನೆಗೊಮ್ಮೆ. ಅಂದರೆ ತೊಗರಿ ರಾಶಿಯ ದಿನ, ಚಳಿ, ಅಲಾಯಿ ಕುಣಿಯ ಬೆಂಕಿಗೆ ಮಕ್ಕಳು ಅಂಗೈ ಕಾಯಿಸುತ್ತ ನಿಂತಿರುವ ಹೊತ್ತು. ಏಪ್ರಿಲ್ ಬಿಸಿಲಿನ ಮೊಹರಂ 2000, 2001ರದು, ಮನೆಯ ದೊಡ್ಡವರದು. ಬಿಸಿಲು ತೆಗೆದು ಚಳಿ ಹಾಕಿ ನೋಡು. ಮರೆತದ್ದು ಇನ್ನೂ ಎರಡು ಎದ್ದು ಬಂದಾವು.

ಇಂಥವೇ ಸಣ್ಣ ಕಲ್ಲುಗಳು ಬೇರೆ ಪುಟಗಳಲ್ಲೂ ಇವೆ. 2008ರಲ್ಲಿ ಕಲಬುರ್ಗಿಯಿಂದ ಬೀದರಕ್ಕೆ ಹುಮನಾಬಾದ್ ಮೇಲಿನಿಂದ ರೈಲಲ್ಲಿ ಹೋಗಲು ಬರುತ್ತಿರಲಿಲ್ಲ. ಆ ನೇರ ಮಾರ್ಗ ಶುರುವಾದದ್ದು 2017ರ ಅಕ್ಟೋಬರ್‌ನಲ್ಲಿ. ಅದಕ್ಕೂ ಮುಂಚೆ ರೈಲೇ ಬೇಕೆಂದರೆ ವಿಕಾರಾಬಾದ್ ಸುತ್ತಬೇಕಿತ್ತು. ನೀವು ಹೋದದ್ದು ಬಸ್ಸಿನಲ್ಲೇ ಇರಬೇಕು. ಯಾದಗಿರಿ ಜಿಲ್ಲೆಯಾದದ್ದು 2009ರ ಕೊನೆಗೆ, ಅದಕ್ಕೂ ಮುಂಚಿನ ಮಾತಿಗೆ ಆ ಹೆಸರಿನ ಜಿಲ್ಲೆ ಬೇಡ. ನಿನ್ನ ಸಾಲಿ ಬೋರ್ಡಿನ ಮೇಲೆ ಗುಲಬರ್ಗಾ ಎಂದೇ ಇತ್ತು, 2014ರ ನವೆಂಬರ್ 1ರವರೆಗೆ. ಅಜ್ಜಿ ಬಾಯಲ್ಲಿ ಮಾತ್ರ ಆಗಲೂ ಕಲಬುರ್ಗಿಯೇ. ಈ ಎರಡು ಹೆಸರನ್ನೂ ಒಂದೇ ಪುಟದಲ್ಲಿ ಇಡು, ವಿವರಣೆ ಬೇಡ.

ನಾಲ್ಕನೇ ಪುಟದಲ್ಲಿ "ಅವ್ವನ ಕೈರುಚಿಯ ಬಿಸಿ ರೊಟ್ಟಿ" ಎಂದು ಬರೆದು ಮುಂದೆ ಹೋಗಿದ್ದಿ. ಈ ಸಾಲನ್ನು ಯಾರು ಬೇಕಾದರೂ ಬರೆಯಬಹುದು. ರೊಟ್ಟಿ ಹೇಗಾಗುತ್ತದೆ? ಕುದಿಯುವ ಎಸರನ್ನು ಹಿಟ್ಟಿಗೆ ಸುರುವಿ, ಕೈ ತಾಳುವಷ್ಟು ಆರಿದ ಮೇಲೆ ನಾದಬೇಕು. ಜೋಳದಲ್ಲಿ ಗೋಧಿಯ ಅಂಟಿಲ್ಲ, ಬಿಸಿನೀರೇ ಅದಕ್ಕೆ ಜಿಗಿ ಕೊಡುವುದು. ಬೀಸಿ ಬಹಳ ದಿನವಾದ ಹಿಟ್ಟಾದರೆ ಆ ಜಿಗಿ ನಿಲ್ಲದೆ, ಬಡಿಯುವಾಗಲೇ ಅಂಚು ಹರಿಯುತ್ತದೆ. ತವೆಗೆ ಹಾಕಿದ ಮೇಲೆ ಒದ್ದೆ ಅರಿವೆಯಿಂದ ಮೇಲೆ ನೀರು ಸವರುತ್ತಾರೆ. ಅದು ಪೂರಾ ಒಣಗಿ ಹೋದರೆ ರೊಟ್ಟಿ ಬಿರಿಯುತ್ತದೆ, ಉಬ್ಬುವುದಿಲ್ಲ. ಇಷ್ಟೆಲ್ಲ ನಿನ್ನ ಬರಹದಲ್ಲಿ ಬರಬೇಕಂತಿಲ್ಲ, ನಿನ್ನ ತಲೆಯಲ್ಲಿರಬೇಕು. ಇದ್ದರೆ ಒಂದು ಪ್ರಶ್ನೆ ತಾನಾಗಿಯೇ ಏಳುತ್ತದೆ: ಹರಿದ ರೊಟ್ಟಿ ಯಾರ ತಾಟಿಗೆ ಹೋಗುತ್ತಿತ್ತು? ಅಪ್ಪನಿಗಂತೂ ಅಲ್ಲ. ನಿಮ್ಮಣ್ಣನಿಗೋ, ನಿನಗೋ, ಅವ್ವ ತನಗೇ ಇಟ್ಟುಕೊಳ್ಳುತ್ತಿದ್ದಳೋ?

"ಬಾಲ್ಯದ ಬಡತನ ನನ್ನನ್ನು ಗಟ್ಟಿ ಮಾಡಿತು" ಎಂಬ ನಿನ್ನ ಕೊನೆಯ ಸಾಲಿನ ಕೆಲಸವನ್ನು ಆ ತಾಟು ಮಾಡಬೇಕು. ಬಾಲ್ಯ ನಮ್ಮನ್ನು ಹೇಗೆ ರೂಪಿಸಿತು ಎಂದು ಘೋಷಿಸಿದರೆ ಯಾರೂ ನಂಬುವುದಿಲ್ಲ, ಈಗಿನ ಚಾಳಿಯಲ್ಲಿ ಹುಡುಕು. ನಳದ ನೀರು ಎಂಟು ದಿನಕ್ಕೊಮ್ಮೆ ಬರುತ್ತಿದ್ದ ಓಣಿಯಲ್ಲಿ ಬೆಳೆದವರು, ಇಪ್ಪತ್ನಾಲ್ಕು ತಾಸು ನೀರಿರುವ ಬಾಡಿಗೆ ಮನೆಯಲ್ಲೂ ಬಕೀಟು ತುಂಬಿಸಿಟ್ಟೇ ಮಲಗುತ್ತಾರೆ. ಹರಿದ ರೊಟ್ಟಿ ತಿಂದು ಬೆಳೆದವಳು ಇಂದು ಹಾಸ್ಟೆಲಿನ ಊಟದ ಸಾಲಿನಲ್ಲಿ ಏನು ಮಾಡುತ್ತಾಳೆ? ಒಂದು ವಾರ ನಿನ್ನನ್ನೇ ಗಮನಿಸಿ ಬರೆದುಕೋ.

ಮನೆಯವರನ್ನು ಕೇಳುವುದಕ್ಕೂ ಒಂದು ಕ್ರಮವಿದೆ. ನಿನ್ನ ನೆನಪನ್ನು ಮೊದಲು ಬರೆದು ತಾರೀಖು ಹಾಕು. ಆಮೇಲೆ ಕೇಳು, ಒಬ್ಬೊಬ್ಬರನ್ನೇ. ನಾಲ್ಕು ಮಂದಿ ಪಡಸಾಲಿಯಲ್ಲಿ ಕೂತರೆ ಗಟ್ಟಿ ದನಿಯವರ ನೆನಪೇ ಎಲ್ಲರ ನೆನಪಾಗುತ್ತದೆ. "ಅವತ್ತು ಅಪ್ಪ ಸಿಟ್ಟಾಗಿದ್ನಲ್ಲ?" ಎಂದು ಉತ್ತರ ಬಾಯಿಗಿಟ್ಟು ಕೇಳಬೇಡ. "ಅವತ್ತು ಒಲಿ ಮ್ಯಾಲ ಏನಿತ್ತು?" ಎಂದು ಶುರುಮಾಡು. ಇಬ್ಬರ ಮಾತು ತಾಳೆಯಾಗದಿದ್ದರೆ ಎರಡನ್ನೂ ಇಡು.

ಐದು ವರ್ಷದ ಕೂಸಿನ ಎತ್ತರ ಮೂರೂವರೆ ಅಡಿಯಷ್ಟು. ಊರಿಗೆ ಹೋದಾಗ ಹಳೆ ಮನೆಯಲ್ಲಿ ಮೊಣಕಾಲೂರಿ ನೋಡು. ಮಾಡದ ಮೇಲಿನ ಹಿತ್ತಾಳಿ ಪಾತ್ರೆಯ ತಳ ಕಾಣುತ್ತದೆ, ಬಾಯಿ ಕಾಣುವುದಿಲ್ಲ. ಕಾಲಡಿಯ ಶಹಾಬಾದಿ ಕಲ್ಲಿನ ಪರಸಿಯ ಸಂದಿ ಮಾತ್ರ ಸ್ಪಷ್ಟ ಕಾಣುತ್ತದೆ.

ಮಾತಿನ ಬಗ್ಗೆ ಒಂದೇ ತಕರಾರು. ನಿಮ್ಮಜ್ಜಿ "ಬರಾಕತ್ತಾನ" ಅನ್ನುವವಳಲ್ಲ, ಅದು ಧಾರವಾಡದ್ದು. "ಬರ್ಲತಾನ" ಅಂತಲೇ ಬರೆ.

ಎಲ್ಲ ಹನ್ನೆರಡು ಪುಟ ತಿದ್ದಿ ಕಳಿಸಬೇಡ. ಎಳ್ಳ ಅಮಾವಾಸ್ಯೆಗೆ ಊರಿಗೆ ಹೋಗುತ್ತಿ ಅಲ್ಲ, ಅವ್ವ ಸೊಪ್ಪು-ಕಾಳಿನ ಭಜ್ಜಿ ಕುದಿಸುತ್ತ ಕೂತಾಗ ಹರಿದ ರೊಟ್ಟಿಯ ಮಾತು ತೆಗೆ. ಆ ಒಂದು ಪುಟ ಬರಲಿ.

ಅವ್ವಗೆ ನನ್ನ ಶರಣು ಹೇಳು.

ನಿನ್ನ
ಅಣ್ಣ