ತಾರೆಯರ ಹಾಜರಿ ಪುಸ್ತಕ

ಮಾನ್ಯ ಸಂಪಾದಕರೇ,

ಸಿನಿಮಾ ನಟನಟಿಯರಿಗೆ ಚುನಾವಣೆಯ ಟಿಕೆಟ್ ಕೊಡುವುದನ್ನೇ ಕಾನೂನು ಮಾಡಿ ನಿಲ್ಲಿಸಬೇಕೆಂದು ಡೊಂಬಿವಲಿಯ ಓದುಗರೊಬ್ಬರು ಕಳೆದ ವಾರ ಇದೇ ಅಂಕಣದಲ್ಲಿ ಬರೆದಿದ್ದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ, ಸೂಚಿಸಿದ ಮದ್ದು ಮಾತ್ರ ಒಪ್ಪಿಗೆಯಾಗಲಿಲ್ಲ. ಇಪ್ಪತ್ತೈದು ವರ್ಷ ತುಂಬಿದ ಪ್ರಜೆ ಲೋಕಸಭೆಗೆ ನಿಲ್ಲಬಹುದು ಎಂದು ಸಂವಿಧಾನವೇ ಹೇಳಿದೆ. ವಕೀಲರು, ವೈದ್ಯರು, ಸಕ್ಕರೆ ಕಾರ್ಖಾನೆಯ ಧಣಿಗಳು, ಕಟ್ಟಡದ ಗುತ್ತಿಗೆದಾರರು ಎಲ್ಲರೂ ನಿಲ್ಲುವ ಕಣದಲ್ಲಿ ಮುಖಕ್ಕೆ ಬಣ್ಣ ಹಚ್ಚಿದವರು ಮಾತ್ರ ಏನು ಪಾಪ ಮಾಡಿದ್ದಾರೆ?

ನಾನು ಉತ್ತರ ಮುಂಬಯಿ ಕ್ಷೇತ್ರದ ಮತದಾರಳು. ಅನುದಾನಿತ ಕನ್ನಡ ಶಾಲೆಯೊಂದರಲ್ಲಿ ಕಲಿಸಿ ನಿವೃತ್ತಳಾದವಳು. ಶಿಕ್ಷಕರಿಗೆ ಚುನಾವಣಾ ಕರ್ತವ್ಯ ತಪ್ಪಿದ್ದಲ್ಲವಾದ್ದರಿಂದ ಮತಗಟ್ಟೆಯ ಮೇಜಿನ ಆಚೆಯಿಂದಲೂ ಈ ವಿಷಯವನ್ನು ಕಂಡಿದ್ದೇನೆ. ತಾರೆಯರ ರಾಜಕೀಯದ ಬಗ್ಗೆ ಯಾರಾದರೂ ಪಾಠ ಮಾಡಬೇಕಿದ್ದರೆ ನಮ್ಮ ಕ್ಷೇತ್ರವನ್ನೇ ಪಠ್ಯವಾಗಿ ಇಟ್ಟುಕೊಳ್ಳಬಹುದು.

2004ರಲ್ಲಿ ಇಲ್ಲಿ ರಾಮ್ ನಾಯಕ್ ಅವರ ಎದುರು ನಟ ಗೋವಿಂದ ನಿಂತರು. ರಾಮ್ ನಾಯಕ್ ಅಷ್ಟರಲ್ಲಿ ಸತತ ಐದು ಸಲ ಇಲ್ಲಿಂದ ಗೆದ್ದಿದ್ದರು, ಕೇಂದ್ರದಲ್ಲಿ ಪೆಟ್ರೋಲಿಯಂ ಸಚಿವರಾಗಿದ್ದರು. 1964ರಲ್ಲಿ ಗೋರೆಗಾಂವ್ ಪ್ರವಾಸಿ (ಅಂದರೆ ಪ್ರಯಾಣಿಕರ) ಸಂಘ ಕಟ್ಟಿ ಲೋಕಲ್ ರೈಲಿನ ಪ್ರಯಾಣಿಕರ ಕಷ್ಟಸುಖ ವಿಚಾರಿಸುತ್ತಲೇ ರಾಜಕೀಯಕ್ಕೆ ಬೆಳೆದವರು. ಆ ವರ್ಷ ಏಪ್ರಿಲ್ ಕೊನೆಯ ಬಿಸಿಲಿನಲ್ಲಿ ನನಗೆ ಮಾಲಾಡ್ ಕಡೆಯ ಮತಗಟ್ಟೆಯೊಂದರಲ್ಲಿ ಬೆರಳಿಗೆ ಶಾಯಿ ಹಚ್ಚುವ ಕೆಲಸ. ದೇಶದ ಎಲ್ಲ ಲೋಕಸಭಾ ಕ್ಷೇತ್ರಗಳಲ್ಲೂ ಮತಯಂತ್ರ ಬಂದ ಮೊದಲ ಸಾರ್ವತ್ರಿಕ ಚುನಾವಣೆ ಅದು. ಯಂತ್ರದ ಮೇಲೆ ಹೆಸರು ಮತ್ತು ಚಿಹ್ನೆ ಮಾತ್ರ ಇರುತ್ತಿದ್ದವು, ಅಭ್ಯರ್ಥಿಗಳ ಭಾವಚಿತ್ರ ಅಂಟಿಸುವ ಪದ್ಧತಿ ಇನ್ನೂ ಬಂದಿರಲಿಲ್ಲ. ಅಜ್ಜಿಯೊಬ್ಬರು ರಟ್ಟಿನ ಮರೆಯೊಳಗೆ ಹೋದವರು ಎಷ್ಟು ಹೊತ್ತಾದರೂ ಈಚೆ ಬರಲಿಲ್ಲ. ಕೊನೆಗೆ ತಲೆ ಹೊರಹಾಕಿ, "ಬಾಯಿ (ಅಮ್ಮಾ), ಗೋವಿಂದನ ಫೋಟೊ ಎಲ್ಲಿದೆ?" ಎಂದು ಮರಾಠಿಯಲ್ಲಿ ಕೇಳಿದರು. ಹೇಳಿಕೊಡುವಂತಿರಲಿಲ್ಲ. ಮತಗಟ್ಟೆಯ ಅಧ್ಯಕ್ಷಾಧಿಕಾರಿ ಗಂಟಲು ಸರಿಮಾಡಿಕೊಂಡು, ನಿಮಗೆ ಬೇಕಾದ ಚಿಹ್ನೆಯ ಮುಂದಿನ ಗುಂಡಿ ಒತ್ತಿ ಅಜ್ಜಿ ಎಂದರು. ಚಿಹ್ನೆ ಯಾವುದೆಂದು ಆಕೆಗೆ ಗೊತ್ತಿರಲಿಲ್ಲ. ಪಕ್ಷವೂ ಗೊತ್ತಿರಲಿಲ್ಲ. ಕೊನೆಗೆ ಯಾವುದೋ ಗುಂಡಿ ಒತ್ತಿದ ಸದ್ದು ಕೇಳಿಸಿತು. ಗೋವಿಂದ ಸುಮಾರು 48 ಸಾವಿರ ಮತಗಳಿಂದ ಗೆದ್ದರು. 2009ರಲ್ಲಿ ಅವರು ಮತ್ತೆ ನಿಲ್ಲಲಿಲ್ಲ.

ಅದೇ ಕ್ಷೇತ್ರ 2019ರಲ್ಲಿ ಏನು ಮಾಡಿತು ನೋಡಿ. ಊರ್ಮಿಳಾ ಮಾತೋಂಡ್ಕರ್ ಮಾರ್ಚ್ ಕೊನೆಯಲ್ಲಿ ಕಾಂಗ್ರೆಸ್ ಸೇರಿದರು, ಏಪ್ರಿಲ್ ಕೊನೆಯಲ್ಲಿ ಮತದಾನ. ಮಾತು ಬಲ್ಲವರು, ಮರಾಠಿಯೂ ಸೊಗಸು, ಪ್ರಚಾರದಲ್ಲಿ ಉಳಿದವರಿಗಿಂತ ಸಭ್ಯವಾಗಿಯೇ ನಡೆದುಕೊಂಡರು. ಎದುರಿಗಿದ್ದವರು ನಮ್ಮ ಕರಾವಳಿ ಮೂಲದ ಗೋಪಾಲ ಶೆಟ್ಟಿ. ನಗರಸೇವಕರಾಗಿ, ಅಂದರೆ ಪಾಲಿಕೆಯ ಸದಸ್ಯರಾಗಿ ಆರಂಭಿಸಿ, ಶಾಸಕರಾಗಿ, ಆಮೇಲೆ ಸಂಸದರಾದವರು. ಬೊರಿವಲಿ, ಕಾಂದಿವಲಿಯ ಉದ್ಯಾನಗಳ ಮಾತು ಬಂದಾಗ ಇಂದಿಗೂ ಅವರ ಹೆಸರು ಬರುತ್ತದೆ. ಅಂತರ ನಾಲ್ಕೂವರೆ ಲಕ್ಷ ಮತ ದಾಟಿತು. ಸ್ಥಳೀಯ ಪದಾಧಿಕಾರಿಗಳೇ ಕೈಕೊಟ್ಟರೆಂದು ದೂರಿದ ಊರ್ಮಿಳಾ ಸೆಪ್ಟೆಂಬರಿನಲ್ಲಿ ಪಕ್ಷ ಬಿಟ್ಟರು. ಇದನ್ನು ಕಾರ್ಯಕರ್ತ ತಾರೆಯನ್ನು ಸೋಲಿಸಿದ ಕಥೆಯಾಗಿ ಹೇಳಲು ನನಗೆ ಬಹಳ ಆಸೆ. ಆದರೆ ಅದು ಮೋದಿ ಅಲೆಯ ಚುನಾವಣೆ, ಎಲ್ಲ ಶ್ರೇಯಸ್ಸನ್ನೂ ಉದ್ಯಾನಗಳ ಖಾತೆಗೆ ಬರೆದರೆ ಲೆಕ್ಕ ತಪ್ಪುತ್ತದೆ. ಅಷ್ಟೇ ಏಕೆ, 2024ರಲ್ಲಿ ಬಿಜೆಪಿಯೇ ಗೋಪಾಲ ಶೆಟ್ಟಿಯವರಿಗೆ ಟಿಕೆಟ್ ಕೊಡದೆ ಕೇಂದ್ರ ಸಚಿವರೊಬ್ಬರನ್ನು ಇಲ್ಲಿಗೆ ತಂದಿತು. ದುಡಿದವನನ್ನು ಬದಿಗೆ ಸರಿಸಲು ಸಿನಿಮಾದವರೇ ಬೇಕೆಂದೇನೂ ಇಲ್ಲ.

ನನ್ನ ಆಕ್ಷೇಪವಿರುವುದು ಪಕ್ಷಗಳ ಮೇಲೆ. ಐದು ವರ್ಷ ಕ್ಷೇತ್ರದ ಕಡೆ ತಲೆಹಾಕದೆ, ಮತದಾನಕ್ಕೆ ತಿಂಗಳಿರುವಾಗ ಜನಪ್ರಿಯ ಮುಖವೊಂದನ್ನು ಹುಡುಕಿ ತಂದು ತೆರೆದ ಜೀಪಿನಲ್ಲಿ ನಿಲ್ಲಿಸುವುದು ಅವರ ಆಟ. ಗೆದ್ದರೆ ಒಂದು ಸ್ಥಾನ ಲಾಭ, ಸೋತರೆ ನಟನ ಹೆಸರು ಹಾಳು. ಗೆದ್ದ ಮೇಲೆ ಕ್ಷೇತ್ರದ ಕೆಲಸ ಯಾರು ಕಲಿಸುತ್ತಾರೆ, ಅಹವಾಲು ಯಾರು ಕೇಳುತ್ತಾರೆ ಎನ್ನುವುದು ಟಿಕೆಟ್ ಹಂಚುವವರಿಗೆ ಬೇಕಿಲ್ಲ.

ಜನಪ್ರತಿನಿಧಿಯ ಕೆಲಸವೆಂದರೆ ಏನು ಎಂದು ನಾನು ಕಣ್ಣಾರೆ ಕಂಡದ್ದನ್ನು ಹೇಳುತ್ತೇನೆ. ನಮ್ಮ ಶಾಲೆಯ ಗೇಟಿನ ಮುಂದಿನ ಚರಂಡಿ ಪ್ರತಿ ಮಳೆಗಾಲದಲ್ಲೂ ಉಕ್ಕಿ, ಮಕ್ಕಳು ಚಪ್ಪಲಿ ಕೈಯಲ್ಲಿ ಹಿಡಿದು ಒಳಗೆ ಬರುತ್ತಿದ್ದರು. ನಾವು ಶಿಕ್ಷಕಿಯರು ಅರ್ಜಿ ಬರೆಯುವುದು, ಕೊಟ್ಟು ಬರುವುದು, ಸುಮ್ಮನಾಗುವುದು. ಆಗಿನ ನಮ್ಮ ನಗರಸೇವಕರು ಹಾಲಿನ ಅಂಗಡಿ ನಡೆಸುತ್ತಿದ್ದವರು. ವೇದಿಕೆ ಹತ್ತಿಸಿದರೆ ಎರಡು ವಾಕ್ಯ ಸರಿಯಾಗಿ ಆಡಲು ಬಾರದು. ನನ್ನ ಕೈಲಿದ್ದ ಅರ್ಜಿಯ ಪ್ರತಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿ, "ಬಾಯಿ, ಇದರ ಮೇಲೆ ಆವಕ ನಂಬರೇ, ಅರ್ಜಿ ಬಂದದ್ದಕ್ಕೆ ಕಚೇರಿ ಹಾಕುವ ನಂಬರೇ ಇಲ್ಲವಲ್ಲ, ಹಾಗಿದ್ದರೆ ನೀವು ಅರ್ಜಿಯನ್ನೇ ಕೊಟ್ಟಿಲ್ಲ ಎಂದಾಯಿತು" ಎಂದರು. ಮರುದಿನ ಬೆಳಿಗ್ಗೆ ತಾವೇ ಜೊತೆಗೆ ಬಂದರು. ಪಾಲಿಕೆ ಕಚೇರಿಯಲ್ಲಿ ಬರುವ-ಹೋಗುವ ಕಾಗದ ದಾಖಲಿಸುವ ಆವಕ-ಜಾವಕ ವಿಭಾಗದ ಕಿಟಕಿಯ ಮುಂದೆ ಸರದಿಯಲ್ಲಿ ನಿಂತು, ನಮ್ಮ ಪ್ರತಿಯ ಮೇಲೆ ಮುದ್ರೆ, ತಾರೀಕು, ನಂಬರ್ ಹಾಕಿಸಿದರು. ಆ ನಂಬರನ್ನು ಎದೆಯ ಜೇಬಿನ ಪುಟ್ಟ ಡೈರಿಯಲ್ಲಿ ಬರೆದುಕೊಂಡರು. ಆ ಡೈರಿಯ ಪುಟಗಳ ತುಂಬ ಅಂಥವೇ ನಂಬರುಗಳು, ಕೆಲಸವಾದವುಗಳ ಮೇಲೆ ಅಡ್ಡಗೆರೆ. ತಿಂಗಳಿಗೊಮ್ಮೆ ಆ ಕಡತ ಯಾವ ಮೇಜಿಗೆ ಹೋಗಿದೆ ಎಂದು ವಿಚಾರಿಸುತ್ತ ಹೋದರು. ಮುಂದಿನ ಮಳೆಗಾಲಕ್ಕೆ ಮೊದಲು ಚರಂಡಿಗೆ ಹೊಸ ಕೊಳವೆ ಬಿತ್ತು. ಯಾವ ಪತ್ರಿಕೆಯಲ್ಲೂ ಸುದ್ದಿಯಾಗಲಿಲ್ಲ.

2022ರ ಮಾರ್ಚ್‌ನಲ್ಲಿ ಮುಂಬಯಿ ಪಾಲಿಕೆಯ ಅವಧಿ ಮುಗಿದು ಆಡಳಿತಾಧಿಕಾರಿಯ ಕೈಗೆ ಹೋದ ಮೇಲೆ ವರ್ಷಗಟ್ಟಲೆ ನಮಗೆ ನಗರಸೇವಕರೇ ಇರಲಿಲ್ಲ. ಅಂಥವರ ಬೆಲೆ ಏನೆಂದು ನಮ್ಮ ಕಟ್ಟಡದವರಿಗೆಲ್ಲ ಆಗ ಚೆನ್ನಾಗಿ ಗೊತ್ತಾಯಿತು.

ಈ ಕೆಲಸ ನಟರಿಗೆ ಬಾರದು ಎನ್ನುವವರು ಸುನಿಲ್ ದತ್ ಅವರನ್ನು ಮರೆತಿದ್ದಾರೆ. 1984ರಲ್ಲಿ ವಾಯವ್ಯ ಮುಂಬಯಿಯಿಂದ ಹೆಸರಾಂತ ವಕೀಲ ರಾಮ್ ಜೇಠ್ಮಲಾನಿಯವರಂಥ ಘಟಾನುಘಟಿಯನ್ನು ಸೋಲಿಸಿ ಲೋಕಸಭೆಗೆ ಹೋದವರು ಒಟ್ಟು ಐದು ಸಲ ಗೆದ್ದರು. 2005ರ ಮೇ ತಿಂಗಳಲ್ಲಿ ತೀರಿಕೊಂಡಾಗ ಕೇಂದ್ರದಲ್ಲಿ ಯುವಜನ ಮತ್ತು ಕ್ರೀಡಾ ಸಚಿವರಾಗಿದ್ದರು. ಆದರೆ ಅವರ ಸಾರ್ವಜನಿಕ ಬದುಕು ಟಿಕೆಟ್ ಸಿಕ್ಕಿದ ದಿನ ಆರಂಭವಾದದ್ದಲ್ಲ. ಪತ್ನಿ, ನಟಿ ನರ್ಗಿಸ್ ಅವರೊಡನೆ ತಂಡ ಕಟ್ಟಿಕೊಂಡು ಗಡಿಯ ಸೈನಿಕರ ಮುಂದೆ ಕಾರ್ಯಕ್ರಮ ಕೊಟ್ಟದ್ದು, ಪತ್ನಿ ಕ್ಯಾನ್ಸರ್‌ನಿಂದ ತೀರಿಹೋದ ಮೇಲೆ ಅವರ ಹೆಸರಿನಲ್ಲಿ ರೋಗಿಗಳಿಗಾಗಿ ಪ್ರತಿಷ್ಠಾನ ಸ್ಥಾಪಿಸಿದ್ದು, ಮುಂಬಯಿಯ ಶೆರೀಫ್ ಎಂಬ ಗೌರವ ಹುದ್ದೆಯಲ್ಲಿದ್ದದ್ದು, ಇವೆಲ್ಲ ಅದಕ್ಕೂ ಮೊದಲಿನ ಮಾತು. ಪಂಜಾಬ್ ಹೊತ್ತಿ ಉರಿಯುತ್ತಿದ್ದ 1987ರಲ್ಲಿ ಮುಂಬಯಿಯಿಂದ ಅಮೃತಸರದವರೆಗೆ, ಸುಮಾರು ಎರಡು ಸಾವಿರ ಕಿಲೋಮೀಟರ್, ಮಗಳು ಪ್ರಿಯಾಳ ಜೊತೆ ನಡೆದೇ ಹೋದರು. ಆ ನಡಿಗೆಯಲ್ಲಿ ನಟನೆ ಎಷ್ಟಿತ್ತು ಎಂದು ಕೊಂಕು ನುಡಿಯುವವರು ನಮ್ಮ ಮನೆಯಲ್ಲೂ ಇದ್ದರು. ಬೊಬ್ಬೆ ಎದ್ದ ಪಾದದಲ್ಲಿ ತಿಂಗಳುಗಟ್ಟಲೆ ನಟಿಸಲು ಯಾರಿಗಾದರೂ ಸಾಧ್ಯವೇ ಎಂಬುದು ನನ್ನ ಪ್ರಶ್ನೆ.

ಒಂದೇ ಕ್ಷೇತ್ರ ಇಬ್ಬರು ತಾರೆಯರನ್ನು ಕಂಡ ಉದಾಹರಣೆ ಬೇಕಿದ್ದರೆ ಪಂಜಾಬಿನ ಗುರುದಾಸಪುರವಿದೆ. ವಿನೋದ್ ಖನ್ನಾ ಅಲ್ಲಿಂದ ನಾಲ್ಕು ಸಲ ಆಯ್ಕೆಯಾದರು, ಕಟ್ಟಿಸಿದ ಸೇತುವೆಗಳಿಂದಾಗಿ ಜನ ಅವರನ್ನು ಸೇತುವೆಗಳ ರಾಜ ಎಂದೇ ಕರೆದರು. 2019ರಲ್ಲಿ ಅವರದೇ ಪಕ್ಷವಾದ ಬಿಜೆಪಿಯಿಂದ ಗೆದ್ದ ಸನ್ನಿ ದೇವಲ್ ಅವರನ್ನು ಹುಡುಕಿ ಕೊಡಿ ಎಂದು ಪಠಾಣಕೋಟ್‌ನ ಗೋಡೆಗಳ ಮೇಲೆ 'ಕಾಣೆಯಾಗಿದ್ದಾರೆ' ಭಿತ್ತಿಪತ್ರ ಅಂಟಿಸಬೇಕಾಯಿತು. ಇಬ್ಬರೂ ಮುಂಬಯಿಯಿಂದಲೇ ಹೋದವರು, ಇಬ್ಬರದೂ ಒಂದೇ ವೃತ್ತಿ. ವೃತ್ತಿಯ ಮೇಲೆ ನಿಷೇಧ ಹಾಕಿದರೆ ವಿನೋದ್ ಖನ್ನಾ ಕೂಡ ಹೊರಗುಳಿಯುತ್ತಿದ್ದರು.

ದಕ್ಷಿಣದ ಕಥೆ ಇನ್ನೂ ಗೋಜಲು. ಎಂ.ಜಿ.ಆರ್. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಪಕ್ಷದ ಕೆಲಸದಲ್ಲಿದ್ದು ಆಮೇಲೆ ಮುಖ್ಯಮಂತ್ರಿಯಾದರು ಎಂದರೆ ನನ್ನ ವಾದಕ್ಕೆ ಬಲ ಬರುತ್ತದೆ. 1982ರ ಮಾರ್ಚ್‌ನಲ್ಲಿ ಪಕ್ಷ ಕಟ್ಟಿ ಮರುವರ್ಷದ ಜನವರಿಯಲ್ಲಿ ಮುಖ್ಯಮಂತ್ರಿಯಾದ ಎನ್.ಟಿ.ಆರ್. ಬಂದು ಅದನ್ನು ಕೆಡಿಸುತ್ತಾರೆ. ಎರಡು ರೂಪಾಯಿಗೆ ಕಿಲೋ ಅಕ್ಕಿ ಕೊಟ್ಟವರನ್ನು ಅನುಭವವಿಲ್ಲದವರು ಎಂದು ಪಕ್ಕಕ್ಕೆ ತಳ್ಳಲಾದೀತೇ?

ನನ್ನ ತವರು ಮಂಡ್ಯ ಜಿಲ್ಲೆ. ಅಂಬರೀಶ್ ವಿಷಯದಲ್ಲಿ ನನಗೂ ಊರಿನಲ್ಲಿರುವ ತಮ್ಮನಿಗೂ ಎಂದೂ ಹೊಂದಿಕೆಯಾಗಿಲ್ಲ. 1998, 1999, 2004, ಮೂರು ಸಲ ಮಂಡ್ಯ ಅವರನ್ನು ಲೋಕಸಭೆಗೆ ಕಳಿಸಿತು. ಕಾವೇರಿ ನ್ಯಾಯಮಂಡಳಿಯ ತೀರ್ಪು ಬಂದಾಗ ಕೇಂದ್ರದ ರಾಜ್ಯ ಸಚಿವ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. 2016ರಲ್ಲಿ ರಾಜ್ಯ ಸಂಪುಟದಿಂದ ವಸತಿ ಸಚಿವರಾಗಿದ್ದ ಅವರನ್ನು ಕೈಬಿಟ್ಟಾಗ ಊರಿನಲ್ಲಿ ಪ್ರತಿಭಟನೆ ನಡೆಯಿತು. "ಅಕ್ಕಾ, ಅವರು ಬೈದರೂ ನಮಗೆ ಹಬ್ಬ" ಎನ್ನುತ್ತಾನೆ ತಮ್ಮ. ಬೈಸಿಕೊಂಡದ್ದು ಸರಿ, ಕಡತ ಎಷ್ಟು ಸರಿದವು ಎಂದರೆ ಮಾತು ಬದಲಿಸುತ್ತಾನೆ. ಒಂದು ವಿಷಯಕ್ಕೆ ಮಾತ್ರ ನಾನು ಅವರನ್ನು ಮೆಚ್ಚುತ್ತೇನೆ. 2018ರಲ್ಲಿ ಪಕ್ಷ ಟಿಕೆಟ್ ಘೋಷಿಸಿದ ಮೇಲೂ ಅವರು ನಿಲ್ಲಲಿಲ್ಲ. ಕೊಟ್ಟ ಟಿಕೆಟನ್ನು ಬೇಡ ಎನ್ನುವವರು ವೃತ್ತಿನಿರತ ರಾಜಕಾರಣಿಗಳಲ್ಲಿ ಎಷ್ಟು ಮಂದಿ ಇದ್ದಾರೆ?

ಇನ್ನು ನಾಮನಿರ್ದೇಶನದ ಬಾಗಿಲು. ಸಾಹಿತ್ಯ, ವಿಜ್ಞಾನ, ಕಲೆ, ಸಮಾಜಸೇವೆಗಳಲ್ಲಿ ವಿಶೇಷ ಜ್ಞಾನವಿರುವ ಹನ್ನೆರಡು ಮಂದಿಗೆಂದು ರಾಜ್ಯಸಭೆಯಲ್ಲಿ ಇಟ್ಟ ಸ್ಥಾನಗಳಿವು. 2012ರಲ್ಲಿ ನಮ್ಮ ಮುಂಬಯಿಯ ರೇಖಾ ಮತ್ತು ಸಚಿನ್ ತೆಂಡೂಲ್ಕರ್ ಇಬ್ಬರೂ ಹೀಗೆ ಒಳಹೋದರು, ಇಬ್ಬರ ಗೈರುಹಾಜರಿಯೂ ಸದನದಲ್ಲೇ ಚರ್ಚೆಗೆ ಬಂತು. ಅನುಮತಿಯಿಲ್ಲದೆ ಅರವತ್ತು ದಿನ ಗೈರಾದರೆ ಸ್ಥಾನ ತೆರವಾಯಿತೆಂದು ಸದನ ಘೋಷಿಸಬಹುದು ಎಂಬ ನಿಯಮ ಸಂವಿಧಾನದಲ್ಲಿದೆ. ನಡುವೆ ಒಂದೆರಡು ದಿನ ಮುಖ ತೋರಿಸಿ ಹೋದರೆ ಎಣಿಕೆ ಮತ್ತೆ ಒಂದರಿಂದ. ಈ ಉಪಾಯವನ್ನು ನಮ್ಮ ಏಳನೆಯ ತರಗತಿಯ ಹುಡುಗರೂ ಬಲ್ಲರು. ಹಾಗೆಂದು ಸಚಿನ್ ಏನೂ ಮಾಡಲಿಲ್ಲ ಎನ್ನಲಾರೆ. 2017ರ ಸೆಪ್ಟೆಂಬರಿನಲ್ಲಿ ಎಲ್ಫಿನ್‌ಸ್ಟನ್ ರೋಡ್ ನಿಲ್ದಾಣದ ಮೇಲ್ಸೇತುವೆಯಲ್ಲಿ ಕಾಲ್ತುಳಿತವಾಗಿ 23 ಜನ ಸತ್ತಾಗ, ತಮ್ಮ ಸಂಸದರ ನಿಧಿಯಿಂದ ಪಾದಚಾರಿ ಸೇತುವೆಗಳಿಗಾಗಿ ಎರಡು ಕೋಟಿ ರೂಪಾಯಿ ಕೊಟ್ಟರು. ಒಳ್ಳೆಯದೇ. ಅಂಥ ಸೇತುವೆ ಇಕ್ಕಟ್ಟಾಗಿದೆ ಎಂದು ದುರಂತಕ್ಕೆ ಮೊದಲೇ ಸದನದಲ್ಲಿ ಎದ್ದು ನಿಂತು ಕೇಳಿದ್ದರೆ ಇಡೀ ದೇಶ ಕಿವಿಗೊಡುತ್ತಿತ್ತು. ಖ್ಯಾತಿಯಿಂದ ಆಗಬಹುದಾದ ನಿಜವಾದ ಉಪಯೋಗ ಅದು.

ನಮ್ಮವರ ಬಗ್ಗೆಯೂ ಒಂದು ಮಾತು ಹೇಳದಿದ್ದರೆ ತಪ್ಪಾದೀತು. ಇಲ್ಲಿನ ಕನ್ನಡ ಸಂಘಗಳ ವಾರ್ಷಿಕೋತ್ಸವಕ್ಕೆ ಬೆಂಗಳೂರಿನಿಂದ ನಟರನ್ನು ಕರೆಸುವ ಹುಚ್ಚು ಎಲ್ಲರಿಗೂ ಗೊತ್ತಿರುವುದೇ. ವಿಮಾನದ ಟಿಕೆಟ್, ಹೋಟೆಲ್ ಕೋಣೆ, ಶಾಲು, ಹಾರ, ಹಣ್ಣಿನ ಬುಟ್ಟಿ, ಬೆಳ್ಳಿಯ ಸ್ಮರಣಿಕೆ. ಒಮ್ಮೆ ಅಂಥ ಸಭೆಯಲ್ಲಿ ನಟರು ಮೂರು ಗಂಟೆ ತಡವಾಗಿ ಬಂದು, ಹತ್ತು ನಿಮಿಷ ಸಂಭಾಷಣೆ ಒಪ್ಪಿಸಿ, ಊಟಕ್ಕೂ ನಿಲ್ಲದೆ ಹೋದರು. ಹಾಲಿನಂಗಡಿಯ ನಮ್ಮ ನಗರಸೇವಕರು ಎಂಟನೆಯ ಸಾಲಿನಲ್ಲಿ ಯಾರದೋ ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು, ಒಂದಕ್ಷರ ಕನ್ನಡ ತಿಳಿಯದಿದ್ದರೂ ಕೊನೆಯವರೆಗೆ ಇದ್ದರು. ಸಭಾಂಗಣದ ಪರವಾನಗಿಗೆ ಓಡಾಡಿದವರು ಅವರೇ. ಅವರಿಗೊಂದು ಹೂ ಕೊಡಬೇಕೆಂದು ಯಾರಿಗೂ ಹೊಳೆಯಲಿಲ್ಲ. ನಾವು ಹೀಗಿರುವಾಗ ಪಕ್ಷಗಳು ಬೇರೆ ಹೇಗಿರುತ್ತವೆ?

ಆದ್ದರಿಂದ ನಿಷೇಧದ ಮಾತು ಬಿಟ್ಟು ತಮ್ಮಿಂದಲೇ ಆಗಬಹುದಾದ ಒಂದು ಕೆಲಸಕ್ಕೆ ವಿನಂತಿಸುತ್ತೇನೆ. ಸಂಸತ್ತಿನ ಪ್ರತಿ ಅಧಿವೇಶನ ಮುಗಿದಾಗ ಮುಂಬಯಿ, ಠಾಣೆ, ಕಲ್ಯಾಣ್, ಪುಣೆ ಭಾಗದ ಸಂಸದರು ಎಷ್ಟು ದಿನ ಹಾಜರಿದ್ದರು, ಎಷ್ಟು ಪ್ರಶ್ನೆ ಕೇಳಿದರು, ವರ್ಷಕ್ಕೆ ಐದು ಕೋಟಿಯ ಕ್ಷೇತ್ರಾಭಿವೃದ್ಧಿ ನಿಧಿಯನ್ನು ಎಲ್ಲಿ ಖರ್ಚು ಮಾಡಿದರು ಎಂಬುದನ್ನು ಕೋಷ್ಟಕವಾಗಿ ಅಚ್ಚು ಹಾಕಿ. ನಟರು, ವಕೀಲರು, ಧಣಿಗಳು ಎಲ್ಲರದೂ ಒಂದೇ ಪಟ್ಟಿಯಲ್ಲಿ ಬರಲಿ. ಸಚಿವರಾದವರು ಹಾಜರಿ ಪುಸ್ತಕಕ್ಕೆ ಸಹಿ ಹಾಕುವುದಿಲ್ಲ, ಅವರ ಮುಂದೆ ಹಾಗೆಂದು ಬರೆದರಾಯಿತು. ಸನ್ಮಾನಗಳ ಚಿತ್ರಕ್ಕೆ ಕೊಡುವ ಜಾಗದಲ್ಲಿ ಕಾಲು ಪುಟ ಸಾಕು. ಮಾಹಿತಿ ಸಂಸತ್ತಿನ ಜಾಲತಾಣದಲ್ಲಿ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಸಿಗುತ್ತದೆ. ತಮ್ಮಲ್ಲಿ ಸಿಬ್ಬಂದಿ ಕಡಿಮೆಯಿದ್ದರೆ ಅದನ್ನು ಕನ್ನಡಕ್ಕೆ ಇಳಿಸಿ ಕೊಡಲು ನಾನು ಸಿದ್ಧಳಿದ್ದೇನೆ. ಸಂಭಾವನೆ ಬೇಡ, ಪತ್ರಿಕೆಯ ಒಂದು ಪ್ರತಿ ಕಳಿಸಿದರೆ ಆಯಿತು.

ಇತಿ ತಮ್ಮ ವಿಶ್ವಾಸಿ,
ನಿವೃತ್ತ ಶಿಕ್ಷಕಿ
ಕಾಂದಿವಲಿ ಪಶ್ಚಿಮ, ಮುಂಬಯಿ