ಮಂಗಳನ ದಿವಾಳಿ ಯಾರ ಕಣ್ಣಿಗೂ ಬೀಳಲಿಲ್ಲವೇ?

ಮಾನ್ಯ ಸಂಪಾದಕರೇ,

ವೈಜ್ಞಾನಿಕ ಧಾರಾವಾಹಿಗಳ ಕುರಿತು ನಮ್ಮ ಪತ್ರಿಕೆಗಳಲ್ಲಿ ಬರುವ ಬರಹಗಳು ಸಾಮಾನ್ಯವಾಗಿ ನೌಕೆ, ಯುದ್ಧ, ಗ್ರಾಫಿಕ್ಸ್‌ಗಳ ವರ್ಣನೆಯಲ್ಲೇ ಮುಗಿದುಹೋಗುತ್ತವೆ. 2015ರಲ್ಲಿ ಆರಂಭವಾಗಿ 2022ರಲ್ಲಿ ಮುಗಿದ, ಮನುಷ್ಯರು ಮಂಗಳದಲ್ಲೂ ನೆಲೆಸಿರುವ ಭವಿಷ್ಯದ ಕಥೆ ಹೇಳುವ ‘ದಿ ಎಕ್ಸ್‌ಪ್ಯಾನ್ಸ್’ ಸರಣಿಯ ನಾಲ್ಕನೇ ಸೀಸನ್‌ನಲ್ಲಿ ಮಂಗಳ ಗ್ರಹದ ಅರ್ಥವ್ಯವಸ್ಥೆ ಕುಸಿಯುವ ಭಾಗ, ನಾನು ಕಂಡ ಧಾರಾವಾಹಿಗಳಲ್ಲೆಲ್ಲ ಅತ್ಯಂತ ನಂಬಲರ್ಹವಾದ ಆರ್ಥಿಕ ಬಿಕ್ಕಟ್ಟು.

ಅಲ್ಲಿ ಷೇರುಪೇಟೆ ಮುಗ್ಗರಿಸುವುದಿಲ್ಲ, ಬ್ಯಾಂಕಿನೆದುರು ಠೇವಣಿದಾರರು ಸಾಲುಗಟ್ಟುವುದೂ ಇಲ್ಲ. ಕೆಂಪು ನೆಲವನ್ನು ಹಸಿರಾಗಿಸುವ ಒಂದೇ ಕಾರ್ಯಕ್ಕೆ ಮಂಗಳವಾಸಿಗಳು ತಲೆಮಾರುಗಳಿಂದ ತಮ್ಮ ದುಡಿಮೆಯನ್ನು ಸುರಿದಿದ್ದಾರೆ. ಅದರ ಫಲ ತಮಗೆ ದಕ್ಕದು, ಮುಂದಿನವರು ಉಂಡಾರು ಎಂಬುದು ಅವರಿಗೆ ತಿಳಿದೇ ಇದೆ. ಹೀಗಿರುವಾಗ ಮೂರನೇ ಸೀಸನ್‌ನ ಕೊನೆಗೆ ಉಂಗುರದ್ವಾರಗಳು (ದೂರದ ಲೋಕಗಳಿಗೆ ದಾಟಿಸುವ ಬಾಹ್ಯಾಕಾಶದ ಬಾಗಿಲುಗಳು) ತೆರೆದು, 1,300ಕ್ಕೂ ಹೆಚ್ಚು ನಕ್ಷತ್ರ ಮಂಡಲಗಳಿಗೆ ದಾರಿಯಾಗಿ, ಗಾಳಿ ನೀರು ಮೊದಲೇ ಇರುವ ಗ್ರಹಗಳು ಕೈಗೆಟುಕುತ್ತವೆ. ಅಂದು ಮಂಗಳನ ಖಜಾನೆಯಿಂದ ಒಂದು ಕಾಸೂ ಕದಲುವುದಿಲ್ಲ, ಆದರೆ ಅಷ್ಟು ಕಾಲದ ಹೂಡಿಕೆಗೆ ಕೇಳುವವರೇ ಇಲ್ಲದಂತಾಗುತ್ತದೆ. ಸಮೃದ್ಧಿಯೇ ಒಂದು ದೇಶವನ್ನು ದಿವಾಳಿ ಎಬ್ಬಿಸುವ ಈ ಬಗೆಯನ್ನು ಕಥೆಗಾರರು ಬಲು ಚೆನ್ನಾಗಿ ಗ್ರಹಿಸಿದ್ದಾರೆ.

ಭೂಮಿಯೊಂದಿಗೆ ಶಾಂತಿಯೂ ಏರ್ಪಟ್ಟಿರುವುದರಿಂದ ಸೈನ್ಯಕ್ಕೂ ಕತ್ತರಿ ಬೀಳುತ್ತದೆ. ಮಾಜಿ ಯೋಧೆ ಬಾಬಿ ಡ್ರೇಪರ್ ಯುದ್ಧನೌಕೆಗಳನ್ನು ಬಿಚ್ಚಿಹಾಕುವ ಅಂಗಳದಲ್ಲಿ ದುಡಿಯುತ್ತಾಳೆ. ಅವಳ ಮನೆಯ ಹುಡುಗನೇ ಮಾದಕವಸ್ತು ದಂಧೆಗೆ ಇಳಿಯುತ್ತಾನೆ. ಸೇನೆಯ ಸಾಮಗ್ರಿಯನ್ನು ಕಾಳಸಂತೆಗೆ ಸಾಗಿಸುವ ಜಾಲದಲ್ಲಿ ಪೊಲೀಸನೊಬ್ಬನೂ ಇರುತ್ತಾನೆ. (ಆ ಪೊಲೀಸ್ ಪಾತ್ರ ನನಗೆ ಸ್ವಲ್ಪವೂ ಅತಿಶಯವೆನಿಸಲಿಲ್ಲ.) ಐದನೇ ಸೀಸನ್‌ನಲ್ಲಿ ಭೂಮಿಯತ್ತ ಎಸೆದ ಕ್ಷುದ್ರಗ್ರಹಗಳನ್ನು ರಾಡಾರಿನ ಕಣ್ಣಿಗೆ ಬೀಳದಂತೆ ಮರೆಮಾಚಿದ್ದು ಮಂಗಳನಿಂದ ಹೀಗೆ ಹೊರಬಿದ್ದ ತಂತ್ರಜ್ಞಾನವೇ.

ನನ್ನ ತಕರಾರೂ ಒಂದಿದೆ. ಒಬ್ಬ ಹೆಣ್ಣಿನ ಬದುಕಿನ ಮೂಲಕ ಕುಸಿತವನ್ನು ಇಷ್ಟು ಸೂಕ್ಷ್ಮವಾಗಿ ತೋರಿಸಿದವರು ಮಂಗಳನ ಸರ್ಕಾರ ತೆರಿಗೆ, ಸಂಬಳ, ಪಿಂಚಣಿಗಳನ್ನು ಹೇಗೆ ನಿಭಾಯಿಸಿತೆಂಬ ಕಡೆಗೆ ಗಮನವನ್ನೇ ಕೊಡಲಿಲ್ಲ. ಆರನೇ ಸೀಸನ್ ಬರುವಷ್ಟರಲ್ಲಿ ಕಥೆ ಯುದ್ಧದ ಬೆನ್ನುಹತ್ತಿ, ಮಂಗಳ ಹೆಚ್ಚುಕಡಿಮೆ ತೆರೆಯಿಂದಲೇ ಮರೆಯಾಗುತ್ತದೆ. ನಿಮ್ಮ ಸಿನಿಮಾ ಪುರವಣಿಯ ವಿಮರ್ಶಕರು ಇಂಥ ಸರಣಿಗಳ ಈ ಮಗ್ಗುಲನ್ನೂ ಚರ್ಚಿಸಬೇಕೆಂದು ಕೋರುತ್ತೇನೆ.

ಇತಿ,
ನಿಮ್ಮ ಓದುಗ,
ಶಿವಮೊಗ್ಗ